ಎಪ್ಪತ್ತೆರಡರಲ್ಲೊಂದು ಪಾಲು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಕೂತು ಹಡಗು ಕಟ್ಟುತ್ತಿದ್ದೇನೆ ಎಂದರೆ ಕೇಳಿದವರಲ್ಲಿ ಎರಡು ಪಂಗಡವಾಗುತ್ತದೆ. ಮಳೆಗಾಲದಲ್ಲಿ ಕಾರಿನ ಬಾನೆಟ್ಟಿನವರೆಗೆ ನೀರು ಕಂಡವರು "ನಮ್ಮ ಲೇಔಟಿಗೂ ಒಂದು ಮಾಡಿಕೊಡಿ ಸಾರ್" ಎನ್ನುತ್ತಾರೆ. ಉಳಿದವರು ಮರ್ಯಾದಸ್ಥರು, ಮಾತು ಬದಲಿಸಿ, ಮಗಳಿಗೆ ಕೆಲಸ ಎಲ್ಲಿ ಸಿಕ್ಕಿತು ಎಂದು ವಿಚಾರಿಸುತ್ತಾರೆ. ಹೊರಡುವಾಗ ಮಾತ್ರ ಎರಡೂ ಪಂಗಡದವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳುತ್ತಾರೆ: "ಅಂದ ಹಾಗೆ, ಇದು ತೇಲತ್ತಾ?"

ಉತ್ತರ ಇದೆ. ಆದರೆ ಅದಕ್ಕೆ ಸ್ವಲ್ಪ ಲೆಕ್ಕ ಬೇಕು, ಲೆಕ್ಕಕ್ಕೆ ಮೊದಲು ಹಡಗು ಬೇಕು.

ನಮ್ಮ ಮನೆಯ ಊಟದ ಮೇಜಿನ ಮೇಲಿರುವುದು ಎಚ್‌.ಎಂ.ಎಸ್‌. ವಿಕ್ಟರಿ. ಅಸಲು ಹಡಗು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ, ನೀರಿಲ್ಲದ ಡಾಕಿನೊಳಗೆ, 1922ರಿಂದ ನಿಂತಿದೆ. ಕಟ್ಟಲು ಸುಮಾರು 6000 ಮರ ಕಡಿದಿದ್ದರಂತೆ, ಬಹುಪಾಲು ಓಕ್. ಇದನ್ನೇ ಏಕೆ ಆರಿಸಿದೆ ಎಂದರೆ, ಇದು ಮುಳುಗಿಲ್ಲ ಎನ್ನುವುದೂ ಒಂದು ಕಾರಣ. ಹವ್ಯಾಸಿಗಳಿಗೆಂದು ಪೆಟ್ಟಿಗೆಯಲ್ಲಿ ಸಿಗುವ ಹಡಗುಗಳ ಜಾತಕ ತೆಗೆದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸ್ವೀಡನ್ನಿನ ವಾಸಾ 1628ರಲ್ಲಿ ಮೊದಲ ಸಲ ಹೊರಟು ಸ್ಟಾಕ್‌ಹೋಮ್ ಬಂದರು ದಾಟುವುದರೊಳಗೇ ಮುಳುಗಿತು. ಕೊಲಂಬಸ್ಸನ ಸಾಂತಾ ಮರಿಯಾ 1492ರ ಕ್ರಿಸ್‌ಮಸ್ ದಿನ ಹೈಟಿ ತೀರದಲ್ಲಿ ನೆಲಕಚ್ಚಿತು. ಅದರ ನಕ್ಷೆಯೂ ಉಳಿದಿಲ್ಲವಾದ್ದರಿಂದ ಒಬ್ಬೊಬ್ಬ ತಯಾರಕನ ಸಾಂತಾ ಮರಿಯಾಗೆ ಒಂದೊಂದು ಮುಖ. ಬೌಂಟಿಯ ನಾವಿಕರು ದಂಗೆ ಎದ್ದು, 1790ರಲ್ಲಿ ಪಿಟ್‌ಕೇರ್ನ್ ದ್ವೀಪದ ಬಳಿ ಅದಕ್ಕೆ ಬೆಂಕಿಯಿಟ್ಟರು. ಟೈಟಾನಿಕ್ಕಿನ ಸುದ್ದಿ ಎತ್ತುವುದೇ ಬೇಡ. ಮನೆಯೊಳಕ್ಕೆ ತರುವ ವಸ್ತುವಿನ ಹಿಂದುಮುಂದು ನೋಡಬೇಕು ಎನ್ನುವುದು ನನ್ನ ಹೆಂಡತಿಯ ನಿಯಮ. ಅದಕ್ಕೆ ತಲೆಬಾಗಿ ವಿಕ್ಟರಿ ತಂದೆ. 1805ರಲ್ಲಿ ಟ್ರಫಾಲ್ಗರ್ ಕಾಳಗದ ನಡುವೆ ನೆಲ್ಸನ್ ಸತ್ತದ್ದು ಇದರೊಳಗೇ ಎನ್ನುವ ವಿಷಯ ಇನ್ನೂ ಅವಳವರೆಗೆ ಹೋಗಿಲ್ಲ.

ವಿಕ್ಟರಿಯ ಫಿರಂಗಿ ಡೆಕ್ಕಿನ ಉದ್ದ 186 ಅಡಿ. ನನ್ನ ಮಾದರಿ 72ರಲ್ಲಿ 1 ಪಾಲು, ಅಂದರೆ ಒಂದು ಅಡಿಗೆ ಅಂಗುಲದ ಆರನೇ ಒಂದು. ಭಾಗಿಸಿದರೆ 2 ಅಡಿ 7 ಅಂಗುಲ. ಐದೂವರೆ ಅಡಿಯ ನಾವಿಕ 23 ಮಿಲಿಮೀಟರಿಗೆ ಇಳಿಯುತ್ತಾನೆ. ಕಾಗದದ ಮೇಲೆ ಎಲ್ಲವೂ ಹೇಳಿದ ಮಾತು ಕೇಳಿಕೊಂಡು ಕಿರಿದಾಗುತ್ತವೆ. ಕೈಗೆ ಮರ ತೆಗೆದುಕೊಂಡ ಮೇಲೆ ತಿಳಿಯುತ್ತದೆ, ಏನು ಮಾಡಿದರೂ ಕಿರಿದಾಗೆನೆಂದು ಕೂತ ಕೆಲವು ಹಟಮಾರಿಗಳಿದ್ದಾವೆ ಎಂದು. ಈ ಹವ್ಯಾಸದ ಹತಾರ, ಉಪಾಯ, ಗುಟ್ಟುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿರುವುದು ಅವುಗಳ ಮೂಗು ಹಿಡಿಯುವುದಕ್ಕೇ.

ಮೊದಲನೆಯ ಹಟಮಾರಿ ಮರವೇ. ತೇಗವನ್ನು ತೆಗೆದುಕೊಳ್ಳಿ. ಹಡಗಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ನೆಪೋಲಿಯನ್ನನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಕಾಡು ಬರಿದಾಗುತ್ತಾ ಬಂದಾಗ ಬ್ರಿಟಿಷರು ಮುಂಬಯಿಯ ವಾಡಿಯಾ ಮನೆತನದವರ ಕೈಲಿ ಯುದ್ಧನೌಕೆ ಕಟ್ಟಿಸಿಕೊಂಡರು. ಆ ಹಡಗುಕಟ್ಟೆಗೆ ಮಲಬಾರಿನಿಂದಲೂ ನಮ್ಮ ಕೆನರಾ ಕಾಡುಗಳಿಂದಲೂ ತೇಗ ಹೋಯಿತು. ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ ಟ್ರಿಂಕೊಮಲಿ 1817ರಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲಿಕೊಂಡಿದೆ. ಇಂಥ ತೇಗದಲ್ಲಿ ಅದೇ ಟ್ರಿಂಕೊಮಲಿಯ ಪುಟ್ಟ ಮಾದರಿ ಮಾಡಿದರೆ ನೋಡಲಾಗುವುದಿಲ್ಲ. ತೇಗದ ಮೈಮೇಲಿನ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ, ದೊಡ್ಡವು 0.3 ಮಿಲಿಮೀಟರಿನಷ್ಟು ಇರುತ್ತವೆ. ಈಗ 72ರಿಂದ ಗುಣಿಸಿ. ಎರಡು ಸೆಂಟಿಮೀಟರ್ ಬಾಯಿಯ ತೂತು! ಮೈತುಂಬ ಅಂಥ ತೂತಿರುವ ಹಲಗೆಯ ಹಡಗನ್ನು ಹತ್ತಲು ಯಾವ ನಾವಿಕ ಒಪ್ಪಿಯಾನು? ಓಕ್ ಮರದ್ದೂ ಇದೇ ಕತೆ. ಹಾಗಾಗಿ ತೇಗದ ಹಡಗನ್ನೂ ಓಕ್ ಹಡಗನ್ನೂ ಮತ್ತಾವುದೋ ಮರದಲ್ಲಿ ನಟಿಸಬೇಕು. ಯುರೋಪಿನವರು ನಾರು ಕಾಣದ ಬಾಕ್ಸ್‌ವುಡ್‌, ಪೇರ್‌, ಹಾಲಿ ಮರಗಳಿಗೆ ಮೊರೆಹೋಗುತ್ತಾರೆ. ನಮ್ಮಲ್ಲಿ ಬಾಕ್ಸ್‌ವುಡ್ಡಿನ ಪಾತ್ರವನ್ನು ಅರಿಸಿನ ತೇಗ ಚೆನ್ನಾಗಿಯೇ ನಿಭಾಯಿಸುತ್ತದೆ; ಹೆಸರಿನಲ್ಲಿ ಮಾತ್ರ ತೇಗ, ಗುಣದಲ್ಲಿ ಬಲು ನಯ. ಡೆಕ್ಕಿನ ಬಿಳಿ ಹಲಗೆಗೆ ಚನ್ನಪಟ್ಟಣದ ಬೊಂಬೆಗಳ ಆಲೆ ಮರ ಹೇಳಿ ಮಾಡಿಸಿದ್ದು. ಬುಗುರಿ, ಗಿಲಕಿ ಕಡೆದು ಉಳಿದ ತುಂಡುಗಳಲ್ಲಿ ಒಂದು ಯುದ್ಧನೌಕೆಯ ಡೆಕ್ ಪೂರ್ತಿ ಎದ್ದುಬರುತ್ತದೆ. ಹಲಗೆಯ ಅಂಚಿಗೆ 2ಬಿ ಪೆನ್ಸಿಲ್ ಉಜ್ಜಿ ಪಕ್ಕಪಕ್ಕ ಅಂಟಿಸಿದರೆ ಸಂದಿನಲ್ಲಿ ಸಣ್ಣ ಕಪ್ಪು ಗೆರೆ ಉಳಿಯುತ್ತದೆ. ನಿಜದ ಹಡಗಿನಲ್ಲಿ ನಾರು ತುರುಕಿ ಡಾಂಬರು ಹೊಯ್ಯುತ್ತಿದ್ದುದು ಅದೇ ಸಂದಿಗೆ.

ಮರದ ಹಟಕ್ಕೆ ಎಲ್ಲರಿಗಿಂತ ಚೆಂದದ ಉತ್ತರ ಕೊಟ್ಟವರು ಕೈದಿಗಳು. ಅದೇ ಯುದ್ಧಗಳ ಕಾಲದಲ್ಲಿ ಪೀಟರ್‌ಬರೊ ಹತ್ತಿರದ ನಾರ್ಮನ್ ಕ್ರಾಸ್ ಶಿಬಿರದಲ್ಲಿ ಫ್ರೆಂಚ್ ಸೆರೆಯಾಳುಗಳನ್ನು ಇಟ್ಟಿದ್ದರು. ಅವರು ಊಟದಲ್ಲಿ ಬಂದ ದನದ, ಕುರಿಯ ಮೂಳೆಗಳನ್ನು ಕುದಿಸಿ, ಸೀಳಿ, ಉಜ್ಜಿ ಹಡಗು ಕಟ್ಟಿ ಶಿಬಿರದ ಬಾಗಿಲಲ್ಲಿ ಮಾರುತ್ತಿದ್ದರು. ಮೂಳೆಗೆ ನಾರಿಲ್ಲ. ಹಗ್ಗಕ್ಕೆ ಕೂದಲು. ಸಾಮಾನಿನ ಅಂಗಡಿ ಇಲ್ಲ, ಮನೆಯವರ ಕಿರಿಕಿರಿ ಇಲ್ಲ, ಹೊತ್ತಿಗೆ ಸರಿಯಾಗಿ ಊಟ. ಹೊಟ್ಟೆಕಿಚ್ಚು ಪಡುವಂಥ ಪರಿಸ್ಥಿತಿ ಅಲ್ಲವೆಂದು ನನಗೂ ಗೊತ್ತು.

ಅಡಿಯ ಮರಕ್ಕೆ ಅಡ್ಡಡ್ಡ ಹಲಗೆ ಸಿಕ್ಕಿಸಿ, ಅದರ ಮೇಲೆ ತೆಳುಪಟ್ಟಿ ಹೊದಿಸುವುದು ಒಡಲು ಕಟ್ಟುವ ಸರಳ ಕ್ರಮ. ಮೊದಲ ಪದರಕ್ಕೆ ಅಗ್ಗದ ಮರ, ಎರಡನೆಯದಕ್ಕೆ ಅರ್ಧ ಮಿಲಿಮೀಟರ್ ದಪ್ಪದ ವಾಲ್‌ನಟ್. ನನ್ನದು ಇನ್ನೂ ಬರೀ ಅಡ್ಡಹಲಗೆಗಳ ಸ್ಥಿತಿಯಲ್ಲಿದ್ದಾಗ, ಬಚ್ಚಲಿನ ಬಾಗಿಲು ನೆಲಕ್ಕೆ ತಾಕುತ್ತಿದೆ ಎಂದು ಕರೆಸಿದ್ದ ಆಚಾರ್ರು ಅದನ್ನು ನೋಡಿದರು. ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ಇದೇನ್ ಸಾರ್, ಮೀನು ತಿಂದು ಮುಳ್ಳು ಎತ್ತಿಟ್ಟಂಗಿದೆ" ಎಂದರು. ಆಮೇಲೆ ಬಾಗಿಲು ಮರೆತೇಹೋಯಿತು.

ಒಡಲು ಅಲೆಯಿಲ್ಲದೆ ಹರಿಯಬೇಕಾದರೆ ಎಲ್ಲ ಅಡ್ಡಹಲಗೆಗಳ ಅಂಚನ್ನೂ ಒಂದೇ ಹದಕ್ಕೆ ಓರೆಯಾಗಿ ಉಜ್ಜಬೇಕು. ಪುಸ್ತಕಗಳು ಇದಕ್ಕೆ ತೆಳುಪಟ್ಟಿ ಬಗ್ಗಿಸಿ ಇಟ್ಟು ಬೆಳಕು ಹಾಯುವ ಜಾಗ ಹುಡುಕಿ ಎನ್ನುತ್ತವೆ. ಆಚಾರ್ರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮುಂದಿನಿಂದ ಹಿಂದಕ್ಕೆ ಒಂದು ಸಲ ಸವರಿದರು. "ಇಲ್ಲಿ ಉಬ್ಬಿದೆ. ಇಲ್ಲಿ ಒಂಚೂರು ತಗ್ಗು. ಇದರ ಮೇಲೆ ಒಂದು ಸಿಪ್ಪೆ ಅಂಟಿಸಿ ಉಜ್ಜಿಬಿಡಿ" ಎಂದು ಮೂರು ಕಡೆ ಉಗುರಿನಲ್ಲಿ ಗುರುತು ಹಾಕಿದರು. ಪಟ್ಟಿ ಇಟ್ಟು ನೋಡಿದೆ. ಮೂರೂ ಕಡೆ ಬೆಳಕು ಅವರ ಪರವಾಗಿ ಸಾಕ್ಷಿ ಹೇಳಿತು.

ಹಲಗೆ ಹೊದಿಸುವುದರಲ್ಲಿ ಇರುವ ತೊಡಕು ಬೇರೆ. ಹಡಗಿನ ನಡುಭಾಗದ ಸುತ್ತಳತೆ ಹೆಚ್ಚು, ಮೂತಿಯ ಕಡೆ ಕಡಿಮೆ. ಆದರೆ ಹೆಚ್ಚುಕಡಿಮೆ ಅಷ್ಟೇ ಹಲಗೆಗಳು ಎರಡೂ ಕಡೆ ಹಾಯಬೇಕು. ಆದ್ದರಿಂದ ಪ್ರತಿಯೊಂದು ಹಲಗೆಯೂ ತುದಿಗೆ ಹೋಗುತ್ತಾ ಸಪೂರವಾಗಬೇಕು. ಎಷ್ಟು? ಒಂದೊಂದು ಅಡ್ಡಹಲಗೆಯ ಬಳಿಯೂ ಸುತ್ತಳತೆಯನ್ನು ಕಾಗದದ ಪಟ್ಟಿಯಲ್ಲಿ ಹಿಡಿದು, ಅದನ್ನು ಸಮಪಾಲು ಮಾಡಬೇಕು. ಈ ಭಾಗಾಕಾರಕ್ಕೆ ನಾನು ಕ್ಯಾಲ್ಕುಲೇಟರ್ ಹುಡುಕುತ್ತಿದ್ದರೆ ಆಚಾರ್ರು, "ಮಕ್ಕಳ ಗೆರೆ ನೋಟ್ ಬುಕ್ ಇದ್ರೆ ಕೊಡಿ" ಎಂದರು. ಪುಟ ಬಿಚ್ಚಿ, ಕಾಗದದ ಪಟ್ಟಿಯ ಒಂದು ತುದಿಯನ್ನು ಒಂದು ಗೆರೆಯ ಮೇಲಿಟ್ಟು, ಇನ್ನೊಂದು ತುದಿ ಲೆಕ್ಕಕ್ಕೆ ಸರಿಯಾದ ಗೆರೆಗೆ ಬರುವವರೆಗೆ ಪಟ್ಟಿಯನ್ನು ಓರೆ ಮಾಡಿದರು. ಪಟ್ಟಿಯನ್ನು ಗೆರೆ ಎಲ್ಲೆಲ್ಲಿ ದಾಟುತ್ತದೋ ಅಲ್ಲಲ್ಲಿ ಪೆನ್ಸಿಲ್ ಚುಕ್ಕಿ. ಎಲ್ಲ ಪಾಲೂ ಸಮ. ಒಂದು ಪುಟದಲ್ಲಿ ಗೆರೆ ಸಾಲದಿದ್ದರೆ ಎರಡು ಪುಟ ಜೋಡಿಸಿಕೊಳ್ಳಿ, ಪಟ್ಟಿ ತೀರಾ ಗಿಡ್ಡವಾದರೆ ಗೆರೆಗಳನ್ನು ಹತ್ತಿರ ಹತ್ತಿರ ನೀವೇ ಎಳೆದುಕೊಳ್ಳಿ ಎಂದು ಹೇಳಿಕೊಟ್ಟು ಕಾಫಿ ಕುಡಿದು ಹೊರಟರು. ಬಚ್ಚಲಿನ ಬಾಗಿಲು ಆ ವಾರವೂ ನೆಲಕ್ಕೆ ತಾಕುತ್ತಲೇ ಇತ್ತು.

ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಿಸಿ ಬೆಸುಗೆಕಡ್ಡಿಗೆ ಒತ್ತಿ ಹಿಡಿದರೆ ನಿಧಾನವಾಗಿ ಬಾಗುತ್ತದೆ. ಅವಸರಿಸಿದರೆ ಟಪ್ಪೆನ್ನುತ್ತದೆ. ಬಾಗಿದ್ದನ್ನು ಅಂಟು ಆರುವ ತನಕ ಹಿಡಿದುಕೊಳ್ಳುವವರು ಯಾರು? ಬಟ್ಟೆ ಕ್ಲಿಪ್ಪು. ಪ್ಲಾಸ್ಟಿಕ್ಕಿನದು ಪ್ರಯೋಜನವಿಲ್ಲ, ಮರದ್ದೇ ಆಗಬೇಕು. ಸ್ಪ್ರಿಂಗ್ ಕಳಚಿ ಎರಡೂ ಕಾಲನ್ನು ಒಳಮಗ್ಗುಲು ಹೊರಕ್ಕೆ ತಿರುಗಿಸಿ ಮತ್ತೆ ಜೋಡಿಸಿದರೆ ಸಪೂರ ಮೂತಿಯ ಅದ್ಭುತ ಇಕ್ಕಳ ಆಗುತ್ತದೆ. ಹಾಗೆ ತಿರುಗಿಸಿದ ಕ್ಲಿಪ್ಪು ಪಂಚೆಯನ್ನು ಹಿಡಿಯುವುದಿಲ್ಲ ಎನ್ನುವುದನ್ನು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ. ಗಾಳಿಯ ದಿನ ಕೆಳಗಿನ ಮನೆಯವರು ನಮ್ಮ ಬಟ್ಟೆಗಳನ್ನು ಮಡಿಸಿ ತಂದುಕೊಟ್ಟು ಹೋಗುತ್ತಾರೆ.

ಕಿರಿದಾಗದ ಎರಡನೆಯ ವಸ್ತು ನನ್ನ ಕೈಬೆರಳು. ಒಂದೂವರೆ ಸೆಂಟಿಮೀಟರ್ ಅಗಲದ ಬೆರಳು ಆ ಹಡಗಿನ ಲೋಕದಲ್ಲಿ ಒಂದು ಮೀಟರಿಗಿಂತ ಅಗಲ. ಫಿರಂಗಿ ಕಿಂಡಿಯೊಳಗೆ ಅದು ಹೋಗುವುದಿಲ್ಲ, ಡೆಕ್ಕಿನ ಮೇಲೆ ಇಳಿದರೆ ಏನಾದರೂ ಮುರಿಯದೆ ಮೇಲೇಳುವುದಿಲ್ಲ. ಆದ್ದರಿಂದಲೇ ನಮ್ಮ ಹತಾರಗಳೆಲ್ಲ ಬೇರೆ ಕಸುಬಿನವರಿಂದ ಬಂದವು. ಬಡಗಿಯದು ಕಡಿಮೆ. ಶಸ್ತ್ರಚಿಕಿತ್ಸೆಯ 11ನೇ ನಂಬರಿನ ಬ್ಲೇಡು, ಹಲ್ಲಿನ ಡಾಕ್ಟರು ಸವೆಯಿತೆಂದು ಎಸೆಯುವ ಕೊಕ್ಕೆಗಳು, ವಾಚು ರಿಪೇರಿಯವರ ಚಿಮಟ, ಕಣ್ಣಿಗೆ ಸಿಕ್ಕಿಸುವ ಅವರದೇ ದುರ್ಬೀನು. ಅವೆನ್ಯೂ ರಸ್ತೆಯ ಒಳಗಲ್ಲಿಗಳಲ್ಲಿ ಅಕ್ಕಸಾಲಿಗರ ಸಾಮಾನಿನ ಅಂಗಡಿಗಳಿವೆಯಲ್ಲ, ಅಲ್ಲಿ ಸಿಗುವ ಸಣ್ಣ ಅರಗಳಿಗೂ ಕೈಬೈರಿಗೆಗೂ ಸಾಟಿಯಿಲ್ಲ. ಏನು ಮಾಡುವುದಕ್ಕೆ ಎಂದು ಅಂಗಡಿಯವರು ಕೇಳಿದರೆ ಮೂಗುಬೊಟ್ಟು ಎಂದುಬಿಡುತ್ತೇನೆ. ಹಡಗು ಎಂದರೆ ಹಿಂದೆ ನಿಂತಿರುವ ಅಸಲು ಗಿರಾಕಿಗಳಿಗೆ ತಡವಾಗುತ್ತದೆ.

ಅದೇ ಅಂಗಡಿಯಲ್ಲಿ ತಂದದ್ದು, ಚಿನ್ನದ ತಂತಿ ಎಳೆಯುವ ತೂತುತೂತಿನ ಉಕ್ಕಿನ ಪಟ್ಟಿ. ನಾನು ಅದರಲ್ಲಿ ಎಳೆಯುವುದು ಊದುಬತ್ತಿಯ ಕಡ್ಡಿ. ಹಳೆಯ ಹಡಗುಗಳಲ್ಲಿ ಹಲಗೆಯನ್ನು ಪಕ್ಕೆಗೆ ಬಿಗಿಯುತ್ತಿದ್ದುದು ಬಹುಮಟ್ಟಿಗೆ ಮರದ ಗೂಟಗಳಿಂದ. ಒಂದೂವರೆ ಅಂಗುಲ ದಪ್ಪ. 72ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್. ಬಿದಿರನ್ನು ಸೀಳಿ, ಒಂದರ ಹಿಂದೆ ಒಂದು ಚಿಕ್ಕ ತೂತಿನಲ್ಲಿ ಎಳೆಯುತ್ತಾ ಹೋದರೆ ಅಷ್ಟು ಸಣ್ಣ ಕಡ್ಡಿ ನಿಜವಾಗಿಯೂ ಬರುತ್ತದೆ. ಬಿದಿರಿನ ನಾರು ನೀಳವಾಗಿ ಓಡುವುದರಿಂದ ತುಂಡಾಗುವುದಿಲ್ಲ. ದೇವರ ಮುಂದೆ ಉರಿದು ಉಳಿದ ಕೆಂಪು ಬುಡಗಳನ್ನು ಬೀರುವಿನ ಮೇಲೆ ಡಬ್ಬಿಯಲ್ಲಿ ಕೂಡಿಡುತ್ತೇನೆ. ಬಣ್ಣ ಕೆರೆದರೆ ಆಯಿತು. ಹೀಗಾಗಿ ಬ್ರಿಟಿಷ್ ನೌಕಾಪಡೆಯ ಹೆಮ್ಮೆಯ ಹಡಗಿನ ಒಡಲಿನಿಂದ ಇಬ್ಬನಿ ದಿನಗಳಲ್ಲಿ ಸಣ್ಣಗೆ ಮಲ್ಲಿಗೆಯ ವಾಸನೆ ಬರುತ್ತದೆ.

ಮೂರನೆಯದು ನೂಲು. ವಿಕ್ಟರಿಗೆ 26 ಮೈಲಿ ಹಗ್ಗ ಎನ್ನುವುದು ಪ್ರಸಿದ್ಧ ಲೆಕ್ಕ. ನನ್ನ ಪಾಲಿಗೆ ಅದು 580 ಮೀಟರಿನಷ್ಟು ಆಗುತ್ತದೆ. ದಾರದುಂಡೆ ತಂದು ಕಟ್ಟಿಬಿಡಬಹುದಲ್ಲ ಎಂದರೆ, ಇಲ್ಲೂ ಗುಣಾಕಾರ ಅಡ್ಡ ಬರುತ್ತದೆ. ಹತ್ತಿಯ ದಾರದ ಮೈಮೇಲೆ ಸಣ್ಣ ಜುಂಗು ಎದ್ದಿರುತ್ತದೆ. 72ರ ಲೋಕದಲ್ಲಿ ಆ ಜುಂಗು ಗೇಣುದ್ದ. ಜೇನುಮೇಣದ ಉಂಡೆಯ ಮೇಲೆ ದಾರ ಎಳೆದು, ಮೇಣದ ಬತ್ತಿಯ ಪಕ್ಕದಲ್ಲಿ ಸರ್ರನೆ ಹಾಯಿಸಿದರೆ ಜುಂಗು ಸುಟ್ಟು ಮೈ ನುಣುಪಾಗುತ್ತದೆ. ಮನಸ್ಸು ಒಂದು ಕ್ಷಣ ಬೇರೆ ಕಡೆ ಹೋದರೆ ದಾರವೂ ಹೋಗುತ್ತದೆ.

ಇನ್ನೂ ಶಿಸ್ತಿನವರು ಹಗ್ಗವನ್ನೇ ಹೊಸೆಯುತ್ತಾರೆ. ವಿಕ್ಟರಿ ಹುಟ್ಟಿದ ಚಾಥಮ್ಮಿನಲ್ಲಿ ಹಗ್ಗ ಹೊಸೆಯುವ ಕಟ್ಟಡವೊಂದಿದೆ, ಉದ್ದ 346 ಮೀಟರ್. ಈಗಲೂ ಅಲ್ಲಿ ಹಗ್ಗ ಮಾಡುತ್ತಾರೆ. 72ರಿಂದ ಭಾಗಿಸಿ ನೋಡಿದಾಗ ನನಗೆ ರೋಮಾಂಚನವಾಯಿತು: 4.8 ಮೀಟರ್. ನಮ್ಮ ಅಡುಗೆಮನೆಯ ಬಾಗಿಲಿನಿಂದ ಬೀದಿ ಬಾಗಿಲಿನವರೆಗೆ ಅಷ್ಟೇ ದೂರ! ಅಡುಗೆಮನೆಯ ಕಡೆ ಮೂರು ಕೊಕ್ಕೆ ತಿರುಗಿಸುವ ಕೈಯಂತ್ರ; ಬೀದಿ ಬಾಗಿಲ ಕಡೆ ಒಂಟಿ ಕೊಕ್ಕೆ ಹೊತ್ತ ಆಟಿಕೆ ಕಾರು; ನಡುವೆ ಮೂರು ಎಳೆಗಳನ್ನು ಬೇರೆಯಾಗಿ ಹಿಡಿಯುವ, ಮೂರು ಕಚ್ಚುಗಳಿರುವ ಮರದ ತುಂಡು. ಕೈಯಂತ್ರ ತಿರುಗಿಸಿದಂತೆ ಎಳೆಗಳು ಹುರಿಗೊಂಡು ಮೋಟಾಗುತ್ತವೆ, ಕಾರು ತಾನಾಗಿ ನನ್ನ ಕಡೆಗೆ ತೆವಳುತ್ತದೆ. ಮರದ ತುಂಡು ಹಿಂದೆ ಸರಿದ ಕಡೆಯೆಲ್ಲ ಮೂರು ಎಳೆ ಒಂದಕ್ಕೊಂದು ತಬ್ಬಿಕೊಂಡು ಅಪ್ಪಟ ಹಗ್ಗವಾಗುತ್ತದೆ. ಒಂದು ದಿನ ಇಷ್ಟೆಲ್ಲ ಹದಕ್ಕೆ ಬಂದ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಬಂದ. ಹೊಸ್ತಿಲಲ್ಲಿ ನಿಂತು ದಾರವನ್ನೂ, ಉರಿಯುವ ಮೇಣದ ಬತ್ತಿಯನ್ನೂ, ನೆಲದ ಮೇಲೆ ಕೂತ ನನ್ನನ್ನೂ ನೋಡಿ, "ಪೂಜೆ ನಡೀತಿದೆಯಾ ಸಾರ್? ಆಮೇಲ್ ಬರ್ತೀನಿ" ಎಂದು ಸಿಲಿಂಡರ್ ಸಮೇತ ಹೊರಟೇಹೋದ.

ಇಲ್ಲಿಯವರೆಗಿನವು ಕಿರಿದಾಗದೆ ಕಾಡಿದವು. ತೂಕದ್ದು ತದ್ವಿರುದ್ಧ. ಅದು ಅಗತ್ಯಕ್ಕಿಂತ ಹೆಚ್ಚು ಕಿರಿದಾಗಿಬಿಡುತ್ತದೆ. ಉದ್ದ, ಅಗಲ, ಎತ್ತರ ಮೂರೂ 72 ಪಾಲು ಇಳಿದರೆ ತೂಕ 3,73,248 ಪಾಲು ಇಳಿಯುತ್ತದೆ. ನಿಜದ ಹಡಗಿನ ಹಗ್ಗ ತನ್ನ ಭಾರಕ್ಕೆ ತಾನೇ ಜೋತು ಸುಂದರ ಬಾಗು ಪಡೆಯುತ್ತದೆ. ನನ್ನ ದಾರಕ್ಕೆ ಜೋಲುವಷ್ಟು ಭಾರವೇ ಇಲ್ಲ, ತಂತಿಯ ಥರ ಸೆಟೆದು ನಿಲ್ಲುತ್ತದೆ. ಗೂಟಕ್ಕೆ ಸುತ್ತಿ ಇಳಿಬಿಟ್ಟ ಹಗ್ಗದ ಸುರುಳಿಗಳಂತೂ ಗಾಳಿಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಉಪಾಯ ಹೀಗೆ: ಮೊಳೆ ಹೊಡೆದ ಹಲಗೆಯ ಮೇಲೆ ಸುರುಳಿ ಸುತ್ತಿ, ನೀರು ಬೆರೆಸಿದ ಫೆವಿಕಾಲ್ ಸವರಿ, ಕೆಳತುದಿಯನ್ನು ಕಡ್ಡಿಯಿಂದ ಒತ್ತಿ ಒಣಗಿಸಿ, ಆಮೇಲೆ ಹಡಗಿಗೆ ತಗಲಿಸುವುದು. ನೋಡಿದವರು ಎಷ್ಟು ಸಹಜವಾಗಿ ಜೋತಿದೆ ಎನ್ನುತ್ತಾರೆ. ಹಡಗಿನ ಮೇಲಿನ ಎಲ್ಲಕ್ಕಿಂತ ಅಸಹಜವಾದ ಕೆಲಸ ಅದು.

ಈಗ ಆ ಚಪ್ಪಲಿ ಮೆಟ್ಟುವವರ ಪ್ರಶ್ನೆ. ವಿಕ್ಟರಿಯ ತೂಕ ಸುಮಾರು 3500 ಟನ್. ಭಾಗಿಸಿದರೆ ಒಂಬತ್ತೂವರೆ ಕಿಲೋ. ಅಷ್ಟು ತೂಗಿದರೆ ಮಾತ್ರ ನನ್ನ ಹಡಗು ನೀರಿನಲ್ಲಿ ಸರಿಯಾದ ಗೆರೆಯವರೆಗೆ ಕೂತೀತು. ಅದು ಅರ್ಧದಷ್ಟೂ ತೂಗುವುದಿಲ್ಲ. ತೊಟ್ಟಿಗೆ ಇಳಿಸಿದರೆ ತೇಲುತ್ತದೆ, ಆದರೆ ಪಕ್ಕಕ್ಕೆ ಮಲಗಿಕೊಂಡು. ನೀರೇನೂ ಕಿರಿದಾಗಿಲ್ಲವಲ್ಲ. ನೀರಿನ ಈ ಹಟವನ್ನು ಲೆಕ್ಕಕ್ಕೆ ಹಿಡಿದವರು ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1870ರ ದಶಕದಲ್ಲಿ ಟಾರ್ಕಿ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಮೇಣದ ಮಾದರಿಗಳನ್ನು ಎಳೆದು ಎಳೆದು ನೋಡಿದರು. ಮಾದರಿ ಎಬ್ಬಿಸುವ ಅಲೆ ದೊಡ್ಡ ಹಡಗಿನ ಅಲೆಯ ಪಡಿಯಚ್ಚಾಗಬೇಕಾದರೆ ವೇಗವನ್ನು 72 ಪಾಲು ಇಳಿಸಬಾರದು, 72ರ ವರ್ಗಮೂಲದಷ್ಟು, ಅಂದರೆ ಎಂಟೂವರೆ ಪಾಲು ಇಳಿಸಬೇಕು. ಇಂದಿಗೂ ಹಡಗಿನ ವಿನ್ಯಾಸಕಾರರು ಇದನ್ನೇ ನೆಚ್ಚಿದ್ದಾರೆ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆ ಸೇರಿದ ಐ.ಎನ್.ಎಸ್.ವಿ. ಕೌಂಡಿನ್ಯದ ವಿಷಯದಲ್ಲೂ ಹಾಗೇ ಆಯಿತು. ಅಜಂತಾದ ಐದನೇ ಶತಮಾನದ ಚಿತ್ರವೊಂದರಿಂದ ಹುಟ್ಟಿದ, ಮೊಳೆಯೇ ಇಲ್ಲದೆ ತೆಂಗಿನ ನಾರಿನ ಹುರಿಯಲ್ಲಿ ಹಲಗೆ ಹೊಲಿದ ಹಡಗು ಅದು. ನಕ್ಷೆ ಇಲ್ಲ, ಕೇಳೋಣವೆಂದರೆ ಕಟ್ಟಿದವರಿಲ್ಲ. ಸಮುದ್ರ ತಾಳೀತೇ ಎಂದು ತಿಳಿಯಲು ಐಐಟಿ ಮದ್ರಾಸಿನವರ ಕೈಲಿ ಪುಟ್ಟ ಮಾದರಿಯ ಮೇಲೆ ಪರೀಕ್ಷೆ ಮಾಡಿಸಿದರು. ಈ ಮಾತನ್ನು ನಾನು ಮನೆಯಲ್ಲಿ ಆಗಾಗ ಎತ್ತುತ್ತಿರುತ್ತೇನೆ. ಮಾದರಿ ಹಡಗಿನಿಂದ ದೇಶಕ್ಕೆ ಉಪಯೋಗವಿದೆ ಎಂದು ಊಟದ ಹೊತ್ತಿನಲ್ಲಿ ಹೇಳಿದರೆ ಪರಿಣಾಮ ಹೆಚ್ಚು. ಊಟವನ್ನು ನಾವೀಗ ನೆಲದ ಮೇಲೆ ಕೂತು ಮಾಡುತ್ತೇವೆ.

ಕೊನೆಯ ಹಟಮಾರಿ ಕಾಲ. ಅದು 72ರಿಂದಲೂ ಭಾಗವಾಗದು, ಎಂಟೂವರೆಯಿಂದಲೂ ಭಾಗವಾಗದು. ಮುಂಬಯಿಯವರು ಟ್ರಿಂಕೊಮಲಿಯನ್ನು ಒಂದೂವರೆ ವರ್ಷದೊಳಗೆ ಮುಗಿಸಿ ನೀರಿಗಿಳಿಸಿದ್ದರು. ಅಷ್ಟು ದಿನದಲ್ಲಿ ಹಗ್ಗದ ಏಣಿಗಳ ಗಂಟು ಮುಗಿದರೆ ನನ್ನ ಪುಣ್ಯ. ಪಟಸ್ತಂಭಕ್ಕೆ ಹತ್ತುವ ಏಣಿಗಳಿವೆಯಲ್ಲ, ಅವುಗಳ ಮೆಟ್ಟಿಲುಗಳ ನಡುವೆ ಐದು ಮಿಲಿಮೀಟರೂ ಇರುವುದಿಲ್ಲ. ಹಿಂದೆ ಗೆರೆ ಎಳೆದ ರಟ್ಟು ನಿಲ್ಲಿಸಿಕೊಂಡು, ಉದ್ದದ ಹಗ್ಗ ಅಡ್ಡದ ದಾರವನ್ನು ದಾಟುವ ಪ್ರತಿ ಜಾಗದಲ್ಲೂ ಒಂದು ಗಂಟು. ಒಂದು ಗಂಟು ಬಿಗಿದರೆ ಇಡೀ ಏಣಿ ಸೊಂಟ ಸಣ್ಣ ಮಾಡಿಕೊಳ್ಳುತ್ತದೆ, ಸಡಿಲಿಸಿದರೆ ಗಂಟೇ ಜಾರುತ್ತದೆ. ಗಂಟುಗಳನ್ನು ಎಣಿಸಬಾರದು ಎಂಬುದು ಈ ಹವ್ಯಾಸದವರ ಅಲಿಖಿತ ಕಟ್ಟಳೆ.

"ರೀ, ಇದು ಯಾವಾಗ ಮುಗಿಯುತ್ತೆ?" ಎಂದು ಮೊನ್ನೆ ಹೆಂಡತಿ ಕೇಳಿದಳು. ನನ್ನ ಬಳಿ ಇತಿಹಾಸ ಸಿದ್ಧವಾಗಿತ್ತು. 1759ರಲ್ಲಿ ವಿಕ್ಟರಿಯ ಅಡಿಮರ ಇಟ್ಟರು, ನೀರಿಗಿಳಿಸುವಾಗ 1765. ಅಷ್ಟರಲ್ಲಿ, ಅಡಿಮರ ಇಟ್ಟಾಗ ನಡೆಯುತ್ತಿದ್ದ ಯುದ್ಧವೇ ಮುಗಿದಿತ್ತು. ಆಮೇಲೆ ಪೂರ್ಣ ಸಜ್ಜಾಗಿ ಸೇವೆಗೆ ಸೇರಿದ್ದು 1778ರಲ್ಲಿ. ನಡುವಿನ ಹದಿಮೂರು ವರ್ಷ ಸುಮ್ಮನೆ ನಿಂತೇ ಇತ್ತು, ಬ್ರಿಟಿಷ್ ನೌಕಾಪಡೆ ಒಂದು ಮಾತು ಆಡಲಿಲ್ಲ ಎಂದೆ.

"ಹದಿಮೂರು ವರ್ಷ ಎಲ್ಲಿ ನಿಂತಿತ್ತು?"

"ಮೆಡ್ವೇ ಅಂತ ನದಿ. ಚಾಥಮ್ ಹತ್ತಿರ."

"ಯಾರ ಊಟದ ಮೇಜಿನ ಮೇಲೂ ಅಲ್ಲ ತಾನೇ?" ಎಂದು ಕೇಳಿ, ಎರಡು ಎಲೆ ಹಾಕಲು ನೆಲ ಒರೆಸತೊಡಗಿದಳು.